ಹುಣಸೆಮರ ಬೆಳ್ಳಗಾದ ಮಧ್ಯಾಹ್ನ

ಕೇಳುಗರಿಗೆ ನಮಸ್ಕಾರ.

ಟಿ.ವಿ. ರಿಮೋಟ್ ಕೈಗೆಟುಕುವ ಹಾಗಿದ್ದರೆ ಎತ್ತಿಕೊಳ್ಳಿ. ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಸೆಲ್ಫಿ ಕ್ಯಾಮೆರಾ ಆನ್ ಮಾಡಿ. ರಿಮೋಟಿನ ಮೂತಿಯನ್ನು ಅದರತ್ತ ತಿರುಗಿಸಿ ಯಾವುದಾದರೂ ಗುಂಡಿ ಒತ್ತಿ. ಬರಿಗಣ್ಣಿಗೆ ಸತ್ತಂತಿರುವ ಆ ಪುಟ್ಟ ಬಲ್ಬು ಪರದೆಯ ಮೇಲೆ ಮಿಣುಕುವುದು ಎಷ್ಟೋ ಫೋನುಗಳಲ್ಲಿ ಕಾಣುತ್ತದೆ. ಹಾಗೆ ಮಿಣುಕಿದ್ದು ಅವಗೆಂಪು ಬೆಳಕು, ಅಂದರೆ ಇನ್‌ಫ್ರಾರೆಡ್. ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ ನಮ್ಮ ಕಣ್ಣಿನ ಓಟ ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ. ಕ್ಯಾಮೆರಾದೊಳಗಿನ ಸಿಲಿಕಾನ್ ಸೆನ್ಸರ್ ಅದನ್ನೂ ದಾಟಿ 1100ರ ಆಸುಪಾಸಿನವರೆಗೆ ನೋಡಬಲ್ಲದು. ಹಾಗೆ ನೋಡಿದರೆ ಬಣ್ಣಗಳು ಕೆಡುತ್ತವೆ ಎಂದು ಕಂಪನಿಯವರೇ ಸೆನ್ಸರಿನ ಮುಂದೆ ಅವಗೆಂಪನ್ನು ತಡೆಯುವ ಗಾಜೊಂದನ್ನು ಕೂರಿಸಿರುತ್ತಾರೆ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ.

ನಾನು ಆ ಪಟ್ಟಿ ಬಿಚ್ಚಹೊರಟವನು.

ಮೂಲೆಗೆ ಸೇರಿದ್ದ ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಒಂದಿತ್ತು. ಒಂದು ಭಾನುವಾರ, ವಿಡಿಯೊ ನೋಡಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಕೂತೆ. ಬ್ಯಾಟರಿ ತೆಗೆದಿದ್ದೇನೆ, ಇನ್ನೇನು ಭಯ ಎಂಬ ಧೈರ್ಯ. ಫ್ಲ್ಯಾಶಿನ ಕೆಪ್ಯಾಸಿಟರ್ ತನ್ನ ಹೊಟ್ಟೆಯಲ್ಲಿ ನೂರಾರು ವೋಲ್ಟ್ ಇಟ್ಟುಕೊಂಡಿರುತ್ತದೆ ಎನ್ನುವುದು ಮೊಣಕೈವರೆಗೂ ಜುಮ್ಮೆಂದ ಮೇಲೆ ತಿಳಿಯಿತು. ಬಿಚ್ಚಿದ ಕ್ಯಾಮೆರಾ ಬೇಸಿಗೆಯ ಧೂಳಿನಲ್ಲಿ ನಾಲ್ಕು ದಿನ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಕೊನೆಗೆ ರಿಪೇರಿಯವರೊಬ್ಬರ ಬಳಿ ಒಯ್ದೆ. ಅವರು ಬೈದು, ಹಳೆಯ ಗಾಜು ತೆಗೆದು, 720 ನ್ಯಾನೊಮೀಟರಿನ ಫಿಲ್ಟರ್ ಕೂರಿಸಿ ಕೊಟ್ಟರು. ಅದಕ್ಕಿಂತ ಕೆಳಗಿನ ಬೆಳಕು, ಅಂದರೆ ನಾವು ನೋಡುವ ಹೆಚ್ಚುಕಡಿಮೆ ಎಲ್ಲವೂ, ಅಲ್ಲೇ ನಿಲ್ಲುತ್ತದೆ. ಅಂಥದೇ ಫಿಲ್ಟರನ್ನು ಮಾಮೂಲಿ ಕ್ಯಾಮೆರಾದ ಲೆನ್ಸಿಗೂ ತೊಡಿಸಬಹುದು. ಆದರೆ ಆಗ ಒಳಗಿನ ಗಾಜು ತಡೆಯುತ್ತಲೇ ಇರುವುದರಿಂದ ಒಂದು ಚಿತ್ರಕ್ಕೆ ಅರ್ಧ ನಿಮಿಷವೂ ಹಿಡಿದೀತು. ಅಷ್ಟು ಹೊತ್ತು ಅಲುಗದೆ ನಿಲ್ಲುವ ಎಲೆ ಯಾವ ಮರದಲ್ಲಿದೆ ಹೇಳಿ.

ಕ್ಯಾಮೆರಾ ಹೊತ್ತು ಹಂಪಿಗೆ ಹೋದೆ. ಮಳೆಗಾಲ ಆಗಷ್ಟೇ ಮುಗಿದು ಆಕಾಶ ತೊಳೆದಿಟ್ಟ ಹಾಗಿತ್ತು. ಫೋಟೊ ತೆಗೆಯುವವರ ದಿನಚರಿ ನಿಮಗೆ ಗೊತ್ತು. ಬೆಳಗ್ಗೆ ಮಾತಂಗ ಬೆಟ್ಟ, ಸಂಜೆ ಹೇಮಕೂಟ, ನಡುವೆ ಊಟ, ನಿದ್ದೆ. ಹನ್ನೆರಡರ ಬಿಸಿಲಲ್ಲಿ ಕ್ಯಾಮೆರಾ ಹೊರಗೆ ತೆಗೆಯುವವನನ್ನು ಹುಚ್ಚ ಅನ್ನುತ್ತಾರೆ. ನನಗೆ ಬೇಕಾಗಿದ್ದುದು ಅದೇ ಹುಚ್ಚು ಬಿಸಿಲು. ಕಾದು ಬಂಡೆ ಹಿಡಿಯಲಾಗದ ಹೊತ್ತಿನಲ್ಲಿ ಮಾತಂಗ ಹತ್ತಿದೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರಾಚೆ ಹೊಳೆ.

ಮೊದಲ ಚಿತ್ರ ಪೂರ್ತಿ ಇಟ್ಟಿಗೆ ಬಣ್ಣ. ಬಿಳಿ ಯಾವುದು ಎಂದು ಕ್ಯಾಮೆರಾಕ್ಕೆ ನಾವೇ ಹೇಳಿಕೊಡಬೇಕು, ಹಸಿರು ಹುಲ್ಲು ತೋರಿಸಿ. ತೋರಿಸಿದೆ. ಎರಡನೆಯ ಚಿತ್ರದಲ್ಲಿ ಗಿಡಮರಗಳೆಲ್ಲ ಬೆಳ್ಳಗಾದವು, ಆದರೆ ಎಲ್ಲ ಮಸುಕು. ಅವಗೆಂಪು ಕಿರಣ ಲೆನ್ಸ್ ದಾಟಿ ಕೂಡುವ ಜಾಗವೇ ಬೇರೆ. ಹಳೆಯ ಲೆನ್ಸುಗಳ ಮೇಲೆ ಅದಕ್ಕೆಂದೇ ಒಂದು ಕೆಂಪು ಗುರುತು ಇರುತ್ತಿತ್ತು. ಪರದೆ ನೋಡಿಕೊಂಡು ಕೈಯಲ್ಲೇ ಫೋಕಸ್ ಮಾಡಿದೆ. ಮೂರನೆಯದರಲ್ಲಿ ನಡುಮಧ್ಯೆ ಬಿಳಿಯ ವರ್ತುಲ, ಚಿತ್ರಕ್ಕೆ ಯಾರೋ ವಿಭೂತಿ ಉಂಡೆ ಒತ್ತಿದಂತೆ. ಮಾಮೂಲಿ ಬೆಳಕಿಗೆ ಬಂಗಾರದಂಥ ಲೆನ್ಸುಗಳೂ ಅವಗೆಂಪಿಗೆ ಹೀಗೆ ಕೈಕೊಡುತ್ತವೆ, ಕಿಂಡಿ ಕಿರಿದಾಗಿಸಿದಷ್ಟೂ ಜಾಸ್ತಿ. ಲೆನ್ಸ್ ಬದಲಿಸಿದೆ.

ನಾಲ್ಕನೆಯದನ್ನು ನೋಡುತ್ತ ಬಂಡೆಯ ಮೇಲೆ ಕೂತುಬಿಟ್ಟೆ. ಆಕಾಶ ಕಾಡಿಗೆ. ಹೊಳೆ ಅದಕ್ಕಿಂತ ಕಪ್ಪು. ಬಂಡೆಗಳು ಬೂದಿ ಬಣ್ಣದಲ್ಲಿ, ಒಂದೊಂದು ಬಿರುಕೂ ಎಣಿಸುವಷ್ಟು ಸ್ಪಷ್ಟ. ಬುಡದಲ್ಲಿದ್ದ ಹುಣಸೆಮರದ ಮೇಲೆ ಮಾತ್ರ ಪಂಚಮಿ ಹಬ್ಬದ ಜೋಳದ ಅರಳನ್ನು ಮೊರಗಟ್ಟಲೆ ಸುರಿದ ಹಾಗಿತ್ತು. ಬಾಳೆತೋಟ ಬೆಳ್ಳಿ ತಗಡು.

ಇದು ಬಿಸಿಯ ಚಿತ್ರ ಎಂದು ಅನೇಕರು ತಿಳಿಯುತ್ತಾರೆ. ಅಲ್ಲ. ಮೈಯ ಶಾಖ ತೋರಿಸುವ ಕ್ಯಾಮೆರಾಗಳು ನೋಡುವುದು ಇದರ ಹತ್ತು ಪಟ್ಟಿಗೂ ಉದ್ದದ ಅಲೆಗಳನ್ನು. ಇದು ಬಿಸಿಲೇ, ಮರದಿಂದ ಪುಟಿದು ಬಂದದ್ದು. ಎಲೆಯ ಹಸಿರಾದ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರುತ್ತದೆ, ಅವಗೆಂಪನ್ನು ಮುಟ್ಟುವುದೇ ಇಲ್ಲ. ಆ ಬೆಳಕು ಒಳಗೆ ನುಗ್ಗಿ, ಜೀವಕೋಶಗಳ ನಡುವಿನ ಗಾಳಿಸಂದುಗಳಲ್ಲಿ ತಾಕಲಾಡಿ, ಅರ್ಧದಷ್ಟು ಹೊರಕ್ಕೆ ಮರಳುತ್ತದೆ. ನೀರಿನ ನೊರೆ ಬೆಳ್ಳಗೆ ಕಾಣುವುದೂ ಇಂಥದೇ ಕಾರಣಕ್ಕೆ. ಆಕಾಶ ಕಪ್ಪಾಗುವುದು ಏಕೆಂದರೆ ಗಾಳಿ ನೀಲಿಯನ್ನು ಚದುರಿಸಿದ ಹಾಗೆ ಅವಗೆಂಪನ್ನು ಚದುರಿಸುವುದಿಲ್ಲ. ದೂರದ ಮಬ್ಬು ಹರಿದು, ಹೊಳೆಯಾಚೆಯ ಅಂಜನಾದ್ರಿ ಹತ್ತಿರ ಬಂದಂತಾಗುವುದೂ ಅದಕ್ಕೇ.

1800ರಲ್ಲಿ ವಿಲಿಯಂ ಹರ್ಷೆಲ್ ಕಾಮನಬಿಲ್ಲಿನ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟು ಈ ಬೆಳಕನ್ನು ಪತ್ತೆಹಚ್ಚಿದರು. 1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವಗೆಂಪಿನ ಭೂದೃಶ್ಯಗಳನ್ನು ಪ್ರಕಟಿಸಿದರು. ಎಲೆ ಬೆಳ್ಳಗಾಗುವುದಕ್ಕೆ ಇಂದಿಗೂ ಅವರದೇ ಹೆಸರು. ನನಗೆ ಇವರಿಬ್ಬರಿಗಿಂತ ಹತ್ತಿರದವರು ನಮ್ಮ ಹವಾಮಾನ ವಿಜ್ಞಾನಿ ಪಿ.ಆರ್. ಪಿಶಾರೋಟಿ. 1970ರ ಸುಮಾರಿಗೆ ಅವರ ತಂಡ ಹೆಲಿಕಾಪ್ಟರಿನಿಂದ ಅವಗೆಂಪು ಫಿಲ್ಮಿನಲ್ಲಿ ಕೇರಳದ ತೆಂಗಿನ ತೋಟಗಳ ಚಿತ್ರ ತೆಗೆದು, ಬೇರಿನ ರೋಗ ತಗುಲಿದ ಮರಗಳನ್ನು ಹುಡುಕಿತು. ನಮ್ಮ ದೇಶದಲ್ಲಿ ದೂರಸಂವೇದನೆ, ಅಂದರೆ ನೆಲವನ್ನು ಮೇಲಿನಿಂದ ನೋಡಿ ತಿಳಿಯುವ ವಿದ್ಯೆ, ಶುರುವಾದದ್ದು ಹೀಗೆ, ತೆಂಗಿನಮರದಿಂದ. ಮುಂದೆ 1988ರ ಮಾರ್ಚಿನಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳು ನೋಡುತ್ತಿದ್ದ ಬೆಳಕಿನ ನಾಲ್ಕು ಪಟ್ಟಿಗಳಲ್ಲಿ ಒಂದು ಇದೇ ಅವಗೆಂಪಿನದು. ಉಪಗ್ರಹದ ನಕ್ಷೆಗಳಲ್ಲಿ ಹೊಲಗದ್ದೆಗಳನ್ನು ಕೆಂಪಾಗಿ ಮುದ್ರಿಸಿರುವುದನ್ನು ನೀವು ನೋಡಿರಬಹುದು. ಕಾಣದ ಬಣ್ಣಕ್ಕೆ ಏನಾದರೂ ಒಂದು ವೇಷ ಹಾಕಲೇಬೇಕಲ್ಲ, ಅದಕ್ಕೆ ಹಾಕಿದ ವೇಷ ಅದು.

ವೇಷದ ಮಾತಿಗೆ ಬಂದರೆ, ಕಂಪ್ಯೂಟರಿನಲ್ಲಿ ಕೆಂಪು ನೀಲಿಗಳನ್ನು ಅದಲುಬದಲು ಮಾಡಿ ಆಕಾಶವನ್ನು ಮತ್ತೆ ನೀಲಿ ಮಾಡುವುದುಂಟು. ಜನಕ್ಕೆ ಅದು ಇಷ್ಟ. ನನಗೆ ಜಾತ್ರೆಯ ಬೊಂಬಾಯಿ ಮಿಠಾಯಿ ತಿಂದಂತಾಗುತ್ತದೆ. ಕಪ್ಪು ಬಿಳುಪೇ ಸಾಕು.

ಸಂಜೆ ಹರಿಗೋಲಿನವರೊಬ್ಬರಿಗೆ ಪರದೆ ತೋರಿಸಿದೆ. ಅವರು ಹುಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, ಕ್ಯಾಮೆರಾ ಹತ್ತಿರ ಹಿಡಿದರು. “ಏನ್ರೀ ಸಾರ, ನಮ್ ಹೊಳಿಗೆ ಡಾಂಬರ ಸುರುವೀರಲ್ಲ!” ಎಂದು ನಕ್ಕರು. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತ ಹೋದರು. ದೇವಸ್ಥಾನ, ಬಾಳೆತೋಟ, ಬೆಳ್ಳನೆಯ ಮೋಡಗಳು. ಐದಾರು ಆದ ಮೇಲೆ ಪರದೆಯ ಬಲ ಮೂಲೆಯ ಮೇಲೆ ಬೆರಳಿಟ್ಟರು.

“ಇದೊಂದು ಹದ್ದು ಐತಲ್ರೀ, ಎಲ್ಲಾ ಫೋಟೊದಾಗೂ ಅಲ್ಲೇ ಹಾರಾಕ ಹತ್ತೇತಿ?”

ನಾನು ಬಿಚ್ಚಿಟ್ಟ ಆ ನಾಲ್ಕು ದಿನಗಳಲ್ಲಿ ಸೆನ್ಸರಿಗೂ ಗಾಜಿಗೂ ನಡುವೆ ಹೊಕ್ಕ ಧೂಳು ಅದು. ಹೌದು, ಹದ್ದೇ ಎಂದೆ.

ನಮಸ್ಕಾರ.