ತೀರ್ಪುಗಾರರಾಗಿ ನಿಂತ ಬ್ಯಾರನ್

ಕೇಳುಗರಿಗೆ ನಮಸ್ಕಾರ. 1892ರ ಮಾರ್ಚ್ 20ರಂದು ಪ್ಯಾರಿಸ್ಸಿನ ಬಗಾಟೆಲ್ ಮೈದಾನದಲ್ಲಿ ಫ್ರಾನ್ಸಿನ ಮೊದಲ ರಗ್ಬಿ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯ ನಡೆಯಿತು. ರೇಸಿಂಗ್ ಕ್ಲಬ್ 4–3ರಿಂದ ಗೆದ್ದ ಆ ಪಂದ್ಯದ ತೀರ್ಪುಗಾರರು ಇಪ್ಪತ್ತೊಂಬತ್ತು ವರ್ಷದ, ಗಿಡ್ಡ ಮೈಕಟ್ಟಿನ, ಪೊದೆಮೀಸೆಯ ಬ್ಯಾರನ್ ಪಿಯೇರ್ ದ ಕೂಬರ್ತಾಂ. ಗೆದ್ದವರಿಗೆ ಕೊಟ್ಟ ಬ್ರೆನ್ನಸ್ ಫಲಕವನ್ನು ಮಾಡಿಸಿದವರೂ ಅವರೇ. ಫ್ರಾನ್ಸಿನ ತಂಡಗಳು ಇಂದಿಗೂ ಸೆಣಸುವುದು ಅದಕ್ಕಾಗಿಯೇ.

1863ರ ಜನವರಿ 1ರಂದು ಸಿರಿವಂತ ಕುಲೀನ ಮನೆತನದಲ್ಲಿ, ಚಿತ್ರಕಾರರೊಬ್ಬರ ಮಗನಾಗಿ ಹುಟ್ಟಿದ ಅವರು, ಕತ್ತಿವರಸೆ, ಕುದುರೆ ಸವಾರಿ, ದೋಣಿ ಹುಟ್ಟುಹಾಕುವುದು ಎಲ್ಲದರಲ್ಲೂ ಕೈಯಾಡಿಸಿದವರು. ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠದಷ್ಟೇ ಆಟಕ್ಕೂ ಇದ್ದ ಬೆಲೆಯನ್ನು ಕಣ್ಣಾರೆ ಕಂಡು ಬಂದ ಮೇಲೆ, ಫ್ರಾನ್ಸಿನ ಮಕ್ಕಳಿಗೂ ಅದು ದಕ್ಕಬೇಕೆಂದು ಹಟ ಹಿಡಿದರು.

ಅವರ ನಿಜವಾದ ಜಾಣ್ಮೆ ಕಾಣುವುದು ಸಂಘಟನೆಯಲ್ಲಿ. 1892ರ ನವೆಂಬರಿನಲ್ಲಿ ಸೊರ್ಬಾನ್ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಮತ್ತೆ ಆರಂಭಿಸೋಣ ಎಂದಾಗ ಜನ ಚಪ್ಪಾಳೆ ತಟ್ಟಿದರೇ ಹೊರತು ಕೆಲಸ ಮುಂದೆ ಸಾಗಲಿಲ್ಲ. ಆದ್ದರಿಂದ 1894ರಲ್ಲಿ, ಹವ್ಯಾಸಿ ಆಟಗಾರ ಯಾರು ಎಂಬ ಅಂದಿನ ಬಿಸಿ ಪ್ರಶ್ನೆಯನ್ನೇ ಮುಂದಿಟ್ಟು ಅಂತರರಾಷ್ಟ್ರೀಯ ಸಮ್ಮೇಳನ ಕರೆದು, ತಮ್ಮ ಮನದಿಂಗಿತವನ್ನು ಅದರ ಬೆನ್ನಿಗೆ ಕಟ್ಟಿದರು. ಜೂನ್ 23ರಂದು ನಿರ್ಣಯ ಅಂಗೀಕಾರವಾಯಿತು. ಎರಡೇ ವರ್ಷದಲ್ಲಿ ಅಥೆನ್ಸಿನಲ್ಲಿ ಕ್ರೀಡಾಕೂಟವೂ ನಡೆಯಿತು. 1896ರಿಂದ 1925ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಪೀಠದಲ್ಲಿ ಕುಳಿತ ಅವರೇ 1913ರಲ್ಲಿ ಐದು ಬಳೆಗಳ ಲಾಂಛನವನ್ನೂ ರೂಪಿಸಿದರು.

1912ರ ಸ್ಟಾಕ್‌ಹೋಮ್ ಕೂಟದಲ್ಲಿ ಸಾಹಿತ್ಯಕ್ಕೂ ಪದಕವಿತ್ತು. ‘ಕ್ರೀಡೆಗೊಂದು ಸ್ತೋತ್ರ’ ಎಂಬ ಕವಿತೆಗೆ ಚಿನ್ನ ಸಿಕ್ಕಿತು. ಹೊಹ್ರೋಡ್ ಮತ್ತು ಎಶ್‌ಬಾಖ್ ಎಂಬ ಎರಡು ಹೆಸರುಗಳಲ್ಲಿ ಅದನ್ನು ಕಳಿಸಿದ್ದವರು ಅಧ್ಯಕ್ಷರೇ! ಸ್ಪರ್ಧೆಯನ್ನು ಏರ್ಪಡಿಸಿದವರೇ ಗೆದ್ದದ್ದು ಇಂದಾಗಿದ್ದರೆ ದೊಡ್ಡ ರಂಪವಾಗುತ್ತಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಅವರ ನಿಲುವನ್ನು ಸಮರ್ಥಿಸಲಾಗದು. ಒಲಿಂಪಿಕ್ಸಿನಲ್ಲಿ ಮಹಿಳೆಯರು ಸ್ಪರ್ಧಿಸಬಾರದೆಂದು ಬರೆದೇ ಬಿಟ್ಟರು, ಕೊನೆಯವರೆಗೂ ಮನಸ್ಸು ಬದಲಿಸಲಿಲ್ಲ. ಅವರು ಪೀಠದಿಂದ ಇಳಿದ ಬಳಿಕ, 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಮಹಿಳೆಯರು ಮೊದಲ ಬಾರಿಗೆ ಓಟ ಮತ್ತು ಜಿಗಿತದ ಕಣಕ್ಕಿಳಿದರು.

ಮನೆತನದ ಆಸ್ತಿ ಕೈಬಿಟ್ಟಿತ್ತು, ಮಗ ಬಾಲ್ಯದಿಂದಲೇ ರೋಗಿ. 1937ರ ಸೆಪ್ಟೆಂಬರ್ 2ರಂದು ಜಿನೀವಾದ ಉದ್ಯಾನವೊಂದರಲ್ಲಿ ಅವರು ಕುಸಿದು ತೀರಿಕೊಂಡರು. ದೇಹವನ್ನು ಲೊಸಾನ್ನಿನಲ್ಲಿ ಹೂಳಲಾಯಿತು. ಹೃದಯವನ್ನು ಮಾತ್ರ, ಅವರ ಇಚ್ಛೆಯಂತೆ, ಗ್ರೀಸಿನ ಒಲಿಂಪಿಯಾಕ್ಕೆ ಒಯ್ದು, ಅಲ್ಲಿಯ ಅಮೃತಶಿಲೆಯ ಸ್ತಂಭದೊಳಗೆ ಇರಿಸಲಾಯಿತು.