ಗಾಜಿನ ಪಾತ್ರೆಯ ಅಜ್ಜಿ ಮತ್ತು ನಮ್ಮನೆಯ ಕಡಲ ಹೂವು

ಎಲ್ಲರಿಗೂ ನಮಸ್ಕಾರ. ಮನೆಯ ಚಿಕ್ಕ ಉಪ್ಪುನೀರಿನ ಟ್ಯಾಂಕಿನಲ್ಲಿ ಎನಿಮೋನ್ ಸಾಕುವುದರ ಬಗ್ಗೆ ಇವತ್ತು ಮಾತಾಡುತ್ತೇನೆ. ಎನಿಮೋನ್ ಅಂದರೆ ಹೂವಿನ ಹಾಗೆ ಕಾಣುವ, ಕಲ್ಲಿಗೆ ಅಂಟಿಕೊಂಡು ಬಾಳುವ ಕಡಲ ಪ್ರಾಣಿ.

1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಎಂಬ ಊರಿನ ಕಡಲ ಬಂಡೆಗಳಿಂದ ಸರ್ ಜಾನ್ ಡಾಲ್ಯೆಲ್ ಎಂಬ ಜೀವವಿಜ್ಞಾನಿ ಒಂದು ಎನಿಮೋನ್ ತಂದರು. ಎಡಿನ್‌ಬರೋದ ಮನೆಯಲ್ಲಿ ಒಂದು ಗಾಜಿನ ಪಾತ್ರೆಯಲ್ಲಿಟ್ಟು ಸಾಕಿದರು. 1851ರಲ್ಲಿ ಡಾಲ್ಯೆಲ್ ತೀರಿಕೊಂಡರು. ಎನಿಮೋನ್ ಮಾತ್ರ ಇನ್ನೂ ಇತ್ತು. ಆಮೇಲೆ ಒಬ್ಬರಾದ ಮೇಲೊಬ್ಬರು ಅದನ್ನು ನೋಡಿಕೊಂಡರು. ಜನ ಅದಕ್ಕೆ ‘ಗ್ರ್ಯಾನಿ’ ಅಂತ ಹೆಸರಿಟ್ಟರು, ಅಂದರೆ ಅಜ್ಜಿ. ಅಜ್ಜಿ ಸತ್ತದ್ದು 1887ರಲ್ಲಿ. 59 ವರ್ಷ ಗಾಜಿನೊಳಗೇ ಬಾಳಿತು! ಫಿಲ್ಟರ್ ಇಲ್ಲ, ನೀರಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಪಂಪ್ ಇಲ್ಲ, ಎಲ್‌ಇಡಿ ಇಲ್ಲ. ತಪ್ಪದೆ ಬದಲಾಗುತ್ತಿದ್ದ ಸಮುದ್ರದ ನೀರು ಮತ್ತು ಆಗಾಗ ಒಂದಿಷ್ಟು ಚಿಪ್ಪಿನ ಮಾಂಸ, ಇಷ್ಟೇ.

"ಚಿಕ್ಕ ಟ್ಯಾಂಕಲ್ಲಿ ಎನಿಮೋನ್ ಬದುಕಲ್ಲ" ಅಂತ ಯಾರಾದರೂ ಹೇಳಿದಾಗ ನನಗೆ ಈ ಅಜ್ಜಿ ನೆನಪಾಗುತ್ತಾಳೆ. ಪಾತ್ರೆ ಚಿಕ್ಕದಾಗಿದ್ದರಿಂದ ಎನಿಮೋನ್ ಸಾಯುವುದಿಲ್ಲ. ನೀರು ಇವತ್ತು ಒಂದು ಥರ, ನಾಳೆ ಇನ್ನೊಂದು ಥರ ಇರುವುದರಿಂದ ಸಾಯುತ್ತದೆ. ಚಿಕ್ಕ ಟ್ಯಾಂಕಿನಲ್ಲಿ ಆ ಏರುಪೇರು ಬೇಗ ಆಗುತ್ತದೆ, ಅದೇ ಕಷ್ಟ.

ಅಜ್ಜಿಯ ಜಾತಿಗೂ ನಾವು ಸಾಕುವ ಜಾತಿಗೂ ವ್ಯತ್ಯಾಸ ಇದೆ, ಅದನ್ನೂ ಹೇಳಬೇಕು. ಅಜ್ಜಿ ತಣ್ಣನೆಯ ಕಡಲಿನದು. ಭರತ ಇಳಿದಾಗ ಬಂಡೆಗೆ ಅಂಟಿಕೊಂಡು, ಮುದುಡಿ, ಗಂಟೆಗಟ್ಟಲೆ ನೀರಿಲ್ಲದೆ ಕಾಯುವ ಗಟ್ಟಿ ಜೀವ. ನಮ್ಮ ಅಂಗಡಿಗಳಲ್ಲಿ ಸಿಗುವ ಬಬಲ್ ಟಿಪ್ ಎಂಬ ಜಾತಿಯ ಎನಿಮೋನ್ ಬೆಚ್ಚಗಿನ ಹವಳದ ದಿಬ್ಬಗಳದು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ಮಾಡಿ ಎನಿಮೋನ್‌ಗೂ ಕೊಡುತ್ತದೆ. ಹಾಗಾಗಿ ಇದಕ್ಕೆ ಬೆಳಕೂ ಒಂದು ಊಟ. ದಿನಕ್ಕೆ 9-10 ಗಂಟೆ, ಹವಳಕ್ಕೆ ಅಂತಲೇ ಮಾಡಿದ ಲೈಟ್ ಬೇಕು. ಮೀನಿನ ಟ್ಯಾಂಕಿನ ಮಾಮೂಲಿ ಲೈಟ್ ಸಾಲದು.

ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವ ಎನಿಮೋನ್ ಕಂಡರೆ ಎಷ್ಟು ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಅದು ಪಾಚಿ ಕಳೆದುಕೊಂಡು ಹಸಿದಿರುವ ಜೀವ. ಕಣ್ಣು ಕುಕ್ಕುವ ಹಳದಿ ಬಣ್ಣದ್ದಾದರೆ ಬಣ್ಣ ಹಾಕಿರುವ ಸಾಧ್ಯತೆ ಜಾಸ್ತಿ. ಕಂದು ಬಣ್ಣದ್ದು, ಕಂದು ಕಲೆತ ಹಸಿರಿನದು ಆರಿಸಿ. ಬಾಯಿ ಮುಚ್ಚಿರಬೇಕು. ಪಾದ, ಅಂದರೆ ಅಂಟಿಕೊಳ್ಳುವ ತಳಭಾಗ, ಹರಿದಿರಬಾರದು. ಅದು ಗಾಜಿಗೋ ಕಲ್ಲಿಗೋ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಒಳ್ಳೆಯ ಲಕ್ಷಣ. ಕಾರ್ಪೆಟ್ ಎನಿಮೋನ್ ಮಾತ್ರ ಬೇಡ. ಅದು ಅರ್ಧ ಮೀಟರಿಗೂ ಮೀರಿ ಹರಡುತ್ತದೆ.

ಈಗ ನೀರಿನ ವಿಷಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮನೆಯ ಟ್ಯಾಂಕಿನಲ್ಲಿ ಕಲ್ಲು, ಮರಳು ಬಿಟ್ಟು 65 ಲೀಟರ್ ನೀರಿದೆ. ಲೀಟರಿಗೆ 35 ಗ್ರಾಂ ಉಪ್ಪು. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ ಒಂದೂವರೆ ಲೀಟರ್ ನೀರು ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲ, ಒಳಗೇ ಉಳಿಯುತ್ತದೆ. ಮೂರು ದಿನ ಊರಿಗೆ ಹೋಗಿ ಬಂದರೆ ನಾಲ್ಕೂವರೆ ಲೀಟರ್ ಕಡಿಮೆ. ಲೀಟರಿಗೆ 35 ಇದ್ದ ಉಪ್ಪು 37 ದಾಟಿರುತ್ತದೆ. ಗಾಬರಿಯಿಂದ ಒಂದೇ ಸಲ ನಾಲ್ಕೂವರೆ ಲೀಟರ್ ಸಿಹಿನೀರು ಸುರಿದರೆ ಎನಿಮೋನ್‌ಗೆ ಎರಡನೇ ಪೆಟ್ಟು. ಎನಿಮೋನ್ ಅಂದರೆ ಹೆಚ್ಚೂಕಡಿಮೆ ನೀರು ತುಂಬಿದ ಚೀಲ. ಹೊರಗಿನ ಉಪ್ಪು ಬದಲಾದರೆ ಒಳಗೂ ಬದಲಾಗುತ್ತದೆ. ಮೀನಿನ ಹಾಗೆ ಅದು ತಡೆದುಕೊಳ್ಳಲಾರದು. ಅದಕ್ಕೇ ದಿನಾ ಬೆಳಿಗ್ಗೆ ಗಾಜಿನ ಮೇಲೆ ಗೆರೆ ನೋಡಿ, ಇಳಿದಷ್ಟನ್ನು ಸಿಹಿನೀರಿನಿಂದ ನಿಧಾನವಾಗಿ ತುಂಬಿ. ನಾನು ಕಾಫಿಗೆ ನೀರಿಟ್ಟಾಗಲೇ ಈ ಕೆಲಸ ಮುಗಿಸುತ್ತೇನೆ. ಹಾಗಾಗಿ ಮರೆಯುವುದಿಲ್ಲ.

ಯಾವ ಸಿಹಿನೀರು? ಬೋರ್‌ವೆಲ್ ನೀರು ಬೇಡ, ನಲ್ಲಿ ನೀರೂ ಬೇಡ. ಅಡುಗೆಮನೆಯ ಆರ್‌ಓ ನೀರಿನಲ್ಲಿ ಕುಡಿಯುವ ರುಚಿಗಾಗಿ ಒಂದಿಷ್ಟು ಲವಣ ಉಳಿಸಿರುತ್ತಾರೆ. ಆರ್‌ಓ ಆದ ಮೇಲೆ, ಉಳಿದ ಲವಣವನ್ನೂ ತೆಗೆಯುವ ಡಿಐ ಫಿಲ್ಟರ್ ಕೂಡ ದಾಟಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ವಾರಕ್ಕೊಮ್ಮೆ ನೀರಿನ ಹತ್ತರಲ್ಲೊಂದು ಪಾಲು ಬದಲಿಸಿ. ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಕಲೆಸಿಟ್ಟುಕೊಳ್ಳಿ. ಉಷ್ಣತೆ 25-26 ಡಿಗ್ರಿ, ಗಲೀಜಿನಿಂದ ಹುಟ್ಟುವ ವಿಷ ಅಮೋನಿಯಾ ಸೊನ್ನೆ ಇರಬೇಕು.

ಮತ್ತೆ, ಹೊಸ ಟ್ಯಾಂಕಿಗೆ ಎನಿಮೋನ್ ತರಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೆಲವು ವಾರಗಳಲ್ಲಿ ಬೆಳೆಯುತ್ತವೆ, ನಿಜ. ಟ್ಯಾಂಕ್ ಒಂದು ಹದಕ್ಕೆ ಬರುವುದಕ್ಕೆ ಆರು ತಿಂಗಳಾದರೂ ಬೇಕು. ಈ ಮಾತನ್ನು ನಾನು ಪೆಟ್ಟು ತಿಂದೇ ಕಲಿತೆ. ಎರಡು ತಿಂಗಳ ಟ್ಯಾಂಕಿಗೆ ನನ್ನ ಮೊದಲ ಎನಿಮೋನ್ ತಂದೆ. ಅದಕ್ಕೆ ಜಾಗ ಹಿಡಿಸಲಿಲ್ಲ, ರಾತ್ರಿ ಹೊರಟಿತು. ಎನಿಮೋನ್ ನಡೆಯುತ್ತದೆ, ಪಾದ ಸರಿಸುತ್ತಾ ಸರಿಸುತ್ತಾ. ಬೆಳಿಗ್ಗೆ ಎದ್ದು ನೋಡಿದರೆ ವೇವ್‌ಮೇಕರ್ ಅದನ್ನು ಒಳಗೆ ಎಳೆದುಕೊಂಡು ಚೂರುಚೂರು ಮಾಡಿತ್ತು. ನೀರು ಹಾಲಿನ ಹಾಗೆ ಕದಡಿತ್ತು. ಮಧ್ಯಾಹ್ನದೊಳಗೆ ಎರಡು ಮೀನೂ ಹೋದವು. ಅವತ್ತಿನ ವಾಸನೆ ಇವತ್ತಿಗೂ ಮರೆತಿಲ್ಲ. ದಯವಿಟ್ಟು ಪಂಪಿನ ಬಾಯಿಗೆಲ್ಲ ಸ್ಪಂಜೋ ಜಾಲರಿಯೋ ಹಾಕಿದ ಮೇಲೆಯೇ ಎನಿಮೋನ್ ತನ್ನಿ.

ತಂದ ದಿನ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಚೀಲಕ್ಕೆ ಬಿಟ್ಟು, ಒಂದೆರಡು ಗಂಟೆ ಹೊಂದಿಸಿ. ಪಂಪ್ ನಿಲ್ಲಿಸಿ, ಕಲ್ಲಿನ ಸಂದಿಯ ಹತ್ತಿರ ಬಿಡಿ. ಬಬಲ್ ಟಿಪ್‌ಗೆ ಪಾದ ಸಂದಿಯೊಳಗೆ, ತಲೆ ಬೆಳಕಿನಲ್ಲಿ ಇರಬೇಕು. ಆಮೇಲೆ ಕೈ ಹಾಕಬೇಡಿ. ಅದು ಹೋಗಿ ಕೂತ ಜಾಗ ನಿಮಗೆ ಇಷ್ಟವಾಗದಿದ್ದರೂ ಕೀಳಬೇಡಿ, ಪಾದ ಹರಿಯುತ್ತದೆ.

ಊಟ ಸುಲಭ. ಉಪ್ಪು ಮಸಾಲೆ ಇಲ್ಲದ ಹಸಿ ಸೀಗಡಿ, ಕುಂದಾಪುರದ ಕಡೆಯವರು ಚಟ್ಲಿ ಅನ್ನುತ್ತಾರಲ್ಲ, ಅದರ ಒಂದು ಸಣ್ಣ ಚೂರು. ವಾರಕ್ಕೊಂದು ಸಲ ಸಾಕು. ದೊಡ್ಡ ತುಂಡು ಕೊಟ್ಟರೆ ಮರುದಿನ ಉಗುಳಿ ನೀರು ಕೆಡಿಸುತ್ತದೆ. ಎನಿಮೋನ್ ನಡುವೆ ವಾಸಿಸುವ ಕ್ಲೌನ್ ಮೀನು ಇರಲೇಬೇಕೆಂದೇನೂ ಇಲ್ಲ. ಇದ್ದರೆ ಅದರ ಗಲೀಜು ಒಳಗಿನ ಪಾಚಿಗೆ ಗೊಬ್ಬರವಾಗುತ್ತದೆ. ಆದರೆ ಎನಿಮೋನ್ ಚಿಕ್ಕದಿದ್ದು ಮೀನು ದೊಡ್ಡದಿದ್ದರೆ ಅದರ ಉಜ್ಜಾಟಕ್ಕೇ ಎನಿಮೋನ್ ಸೊರಗುತ್ತದೆ.

ತುಂಬಾ ಜನ ಕೇಳುವ ಪ್ರಶ್ನೆ: "ಮುದುಡಿಕೊಂಡಿದೆ, ಸತ್ತಿತಾ?" ಮುದುಡುವುದು ಸಹಜ. ಕಂದು ಬಣ್ಣದ ಕಸ ಹೊರಹಾಕುವಾಗ ಮುದುಡುತ್ತದೆ, ರಾತ್ರಿಯೂ ಮುದುಡುತ್ತದೆ. ಬಾಯಿ ಜೋತು ತೆರೆದು, ದಿನಗಟ್ಟಲೆ ಹಾಗೇ ಇದ್ದರೆ ಮಾತ್ರ ಚಿಂತೆ ಮಾಡಿ. ಮೈ ಕರಗುತ್ತಿದ್ದು ಕೊಳೆತ ವಾಸನೆ ಬಂದರೆ ತಡ ಮಾಡದೆ ತೆಗೆಯಿರಿ, ಇಲ್ಲದಿದ್ದರೆ ಉಳಿದವೂ ಹೋಗುತ್ತವೆ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಒಂದಿರಲಿ, ಬೆಲೆ ಜಾಸ್ತಿ ಏನಿಲ್ಲ.

ನನ್ನ ಎರಡನೇ ಎನಿಮೋನ್ ಚೆನ್ನಾಗಿದೆ. ಹೋದ ವರ್ಷ ಒಂದು ಬೆಳಿಗ್ಗೆ ಅದು ತನ್ನನ್ನು ತಾನೇ ಎರಡಾಗಿ ಸೀಳಿಕೊಂಡಿತ್ತು. ಬಬಲ್ ಟಿಪ್ ಮರಿ ಮಾಡುವ ರೀತಿಗಳಲ್ಲಿ ಇದೂ ಒಂದು. ಎರಡೂ ಗುಂಡಗಾಗಿ ತುಂಬಿಕೊಂಡಿವೆ, ನನ್ನ 65 ಲೀಟರಿಗೆ ಎರಡು ಜಾಸ್ತಿಯಾಯಿತು. ಆರು ತಿಂಗಳು ದಾಟಿದ ಟ್ಯಾಂಕ್, ಪಂಪಿಗೆ ಜಾಲರಿ, ಎರಡೂ ಇರುವವರು ಇಲ್ಲಿ ಯಾರಾದರೂ ಇದ್ದರೆ ಹೇಳಿ, ಒಂದನ್ನು ಕೊಡುತ್ತೇನೆ. ಕಲ್ಲಿನ ಸಮೇತ ಕೊಡಬೇಕು, ಹಾಗಾಗಿ ಮುಚ್ಚಳ ಇರುವ ಸ್ವಲ್ಪ ದೊಡ್ಡ ಡಬ್ಬಿಯನ್ನೇ ತನ್ನಿ.