ಸಿಎನ್‌ಸಿ ರೌಟರ್ ಕೊಳ್ಳುವ ಮೊದಲು ‘ಎಲೆಕ್ಟ್ರಿಕಲ್ಸ್’ ಅಂತ ಕೊರೆಸಿ ನೋಡಿ

ನಮಸ್ಕಾರ. ಹೋದ ವಾರ ತಿಪಟೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ನಾಮಫಲಕ ಮಾಡುವ ಸಣ್ಣ ಬೋರ್ಡ್ ಅಂಗಡಿ ಇಟ್ಟುಕೊಂಡಿದ್ದಾನೆ. “ಅಣ್ಣಾ, ಆರು ಲಕ್ಷಕ್ಕೆ ಸಿಎನ್‌ಸಿ ರೌಟರ್ ಸಿಗ್ತಿದೆ. ಈ ವಾರ ಅಡ್ವಾನ್ಸ್ ಕೊಟ್ರೆ ಡಸ್ಟ್ ಕಲೆಕ್ಟರ್ ಫ್ರೀ ಅಂತಿದ್ದಾರೆ. ಕೊಟ್ಬಿಡ್ಲಾ?” ಅಂದ. ಕಂಪ್ಯೂಟರ್ ಫೈಲಿನ ಪ್ರಕಾರ, ತಿರುಗುವ ಬಿಟ್‌ನಿಂದ ಶೀಟು ಕೊರೆಯುವ ಮೆಷಿನ್ ಅದು. ನಾನು ಒಂದೇ ಪ್ರಶ್ನೆ ಕೇಳಿದೆ. “ಆ ಮೆಷಿನ್‌ನಲ್ಲಿ ಏನು ಕೊರೆದು ತೋರಿಸಿದ್ರಪ್ಪಾ?” “ಗಣಪತಿ ಅಣ್ಣಾ, ಎಂಡಿಎಫ್‌ನಲ್ಲಿ. ಎಷ್ಟು ಚೆನ್ನಾಗಿ ಬಂತು ಗೊತ್ತಾ?”

ಇವತ್ತು ಆ ಗಣಪತಿಯಿಂದಲೇ ಮಾತು ಶುರು ಮಾಡುತ್ತೇನೆ. ಡೆಮೋಗೆ ಹೋದವರಿಗೆ ಸಾಮಾನ್ಯವಾಗಿ ತೋರಿಸುವುದು ಗಣಪತಿ, ನವಿಲು, ಇಲ್ಲ ಗುಲಾಬಿ ಹೂವು. ಎಂಡಿಎಫ್ ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮೆತ್ತಗಿರುತ್ತದೆ. ನಿಧಾನವಾಗಿ, ತೆಳುವಾಗಿ ಕೊರೆದರೆ ಸಾಧಾರಣ ಮೆಷಿನ್‌ನಲ್ಲೂ ಮೂರ್ತಿ ಚೆನ್ನಾಗಿಯೇ ಬರುತ್ತದೆ. ಆದರೆ ನಮ್ಮ ಅಂಗಡಿಗೆ ಬರುವ ಕೆಲಸ ಯಾವುದು ಹೇಳಿ? ಎಸಿಪಿ ಶೀಟಿಗೆ (ಎರಡು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಶೀಟು) ವಿ-ಗ್ರೂವ್ (ಮಡಚುವುದಕ್ಕೆ ವಿ ಆಕಾರದ ಗೀರು) ಹೊಡೆಯುವುದು, ಅಕ್ರಿಲಿಕ್ ಅಕ್ಷರ, ಪಿವಿಸಿ ಫೋಮ್ ಶೀಟಿನ ಅಕ್ಷರ. ಅದರಲ್ಲೂ ಕನ್ನಡ ಅಕ್ಷರ.

ಹಾಗಾಗಿ ನನ್ನ ಮಾತು ಇಷ್ಟೇ. ನಿಮ್ಮ ಫೈಲು, ನಿಮ್ಮ ಶೀಟು ತೆಗೆದುಕೊಂಡು ಹೋಗಿ. ಕಣ್ಣೆದುರು ಕನ್ನಡ ಕೊರೆಸಿ. ಅದಾಗುವ ತನಕ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಯಾವ ಪದ ಕೊರೆಸಬೇಕು? ನಾನು ಹೇಳುವುದು ‘ಎಲೆಕ್ಟ್ರಿಕಲ್ಸ್’. ಈ ಬೋರ್ಡು ಮಾಡದ ಅಂಗಡಿ ನಮ್ಮ ಕಡೆ ಇಲ್ಲ. ಅದರಲ್ಲಿ ‘ಕ್ಟ್ರಿ’ ಒಂದನ್ನೇ ನೋಡಿ. ಮೇಲೆ ಕ, ಅದಕ್ಕೆ ಗುಡಿಸು, ಕೆಳಗೆ ಟ ಒತ್ತು, ಅದಕ್ಕೆ ಅಂಟಿಕೊಂಡ ಹಾಗೆ ರ ಒತ್ತು. ಅಕ್ಷರ ನಾಲ್ಕು ಇಂಚು ಎತ್ತರ ಇಟ್ಟರೆ ಆ ಒತ್ತುಗಳ ಮಧ್ಯದ ಸಂದು ಎರಡು ಮೂರು ಮಿಲಿಮೀಟರ್ ಇದ್ದರೆ ಹೆಚ್ಚು. 6 ಎಂಎಂ ಬಿಟ್ ಅಲ್ಲಿ ನುಗ್ಗುವುದೇ ಇಲ್ಲ. ನುಗ್ಗಿದ ಕಡೆಯಲ್ಲೂ ಒಳಮೂಲೆಯಲ್ಲಿ 3 ಎಂಎಂ ದುಂಡಗೆ ಬಿಟ್ಟೇ ಬರುತ್ತದೆ. ಇಂಗ್ಲಿಷಿನ ದಪ್ಪ ಅಕ್ಷರಕ್ಕೆ ಅದು ನಡೆದೀತು. ನಮ್ಮ ಅಕ್ಷರ ಮೆತ್ತಿಕೊಂಡ ಹಾಗೆ ಕಾಣುತ್ತದೆ. ಆಗ 3 ಎಂಎಂ, ಇಲ್ಲ ಇನ್ನೂ ತೆಳು ಬಿಟ್ ಹಾಕಲೇಬೇಕು. ಬಿಟ್ ತಿರುಗಿಸುವ ಸ್ಪಿಂಡಲ್ಲೋ ಅದನ್ನು ಹಿಡಿಯುವ ಕಾಲೆಟ್ಟೋ ಸ್ವಲ್ಪ ಅಲ್ಲಾಡುತ್ತಿದ್ದರೂ ಸಾಕು, ಆ ತೆಳು ಬಿಟ್ ಪಟ್ ಅಂತ ಮುರಿಯುತ್ತದೆ. ಗಣಪತಿ ಕೊರೆಯುವಾಗ ಈ ದೋಷ ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ. ಕನ್ನಡ ಅಕ್ಷರದಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಪೂರ್ತಿ ಬಳುಕು. ಮೆಷಿನ್ ಪ್ರತಿ ಕ್ಷಣ ದಿಕ್ಕು ಬದಲಿಸುತ್ತಲೇ ಇರಬೇಕು. ಕರಪತ್ರದಲ್ಲಿ ನಿಮಿಷಕ್ಕೆ ಇಷ್ಟು ಮೀಟರ್ ಅಂತ ಹಾಕಿರುತ್ತಾರಲ್ಲ, ಅದು ನೇರ ಓಟದ ಲೆಕ್ಕ. ‘ಲ’ ಅಕ್ಷರದ ಸುತ್ತು ತಿರುಗುವಾಗ ಆ ವೇಗ ಬರುವುದಿಲ್ಲ. ಫ್ರೇಮು ಹಗುರ ಇದ್ದರೆ ಸ್ಪಿಂಡಲ್ ಹೊತ್ತು ಓಡಾಡುವ ಗ್ಯಾಂಟ್ರಿ ನಡುಗುತ್ತದೆ. ಕೊರೆದ ಅಕ್ಷರ ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಉಗುರು ಎಳೆಯಿರಿ. ನುಣ್ಣಗೆ ಜಾರಬೇಕು. ಗರಗರ ಅಂದರೆ ಆ ನಡುಕ ಅಕ್ಷರದ ಮೇಲೆ ಬಿದ್ದಿದೆ ಅಂತಲೇ ಅರ್ಥ. ಆಮೇಲೆ ನಿಮ್ಮ ಹುಡುಗರು ದಿನಾ ಸ್ಯಾಂಡ್‌ಪೇಪರ್ ಹಿಡಿದು ಕೂರಬೇಕಾಗುತ್ತದೆ.

ಒತ್ತಿನ ಕಥೆ ಇನ್ನೂ ಇದೆ. ಎಷ್ಟೋ ಫಾಂಟುಗಳಲ್ಲಿ ರ ಒತ್ತು ಅಕ್ಷರಕ್ಕೆ ಸೇರಿರುವುದಿಲ್ಲ, ಬೇರೆಯೇ ಚೂರಾಗಿ ಕತ್ತರಿಸಿ ಬರುತ್ತದೆ. ಶೀಟನ್ನು ಕೆಳಗಿನಿಂದ ಗಾಳಿ ಎಳೆದು ಹಿಡಿಯುವ ವ್ಯಾಕ್ಯೂಮ್ ಬೆಡ್ ಇದೆ, ಚಿಂತೆ ಇಲ್ಲ ಅನ್ನುತ್ತಾರೆ ಮಾರುವವರು. ವ್ಯಾಕ್ಯೂಮ್ ಹಿಡಿತ ಚೂರಿನ ಅಗಲದ ಮೇಲೆ ನಿಂತಿದೆ. ಎಂಥ ಒಳ್ಳೆಯ ಪಂಪ್ ಆದರೂ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಬಲಕ್ಕಿಂತ ಹೆಚ್ಚು ಸಿಗುವುದಿಲ್ಲ. ದೊಡ್ಡ ಶೀಟು ಕದಲುವುದಿಲ್ಲ, ಬೆರಳುಗುರಿನಷ್ಟು ಒತ್ತು ಹಾರಿ ಹೋಗುತ್ತದೆ. ಅದಕ್ಕೆ ಟ್ಯಾಬ್ (ಚೂರನ್ನು ಶೀಟಿಗೆ ಹಿಡಿದಿಡುವ ಸಣ್ಣ ಕೊಂಡಿ) ಬಿಡುವುದನ್ನು, ಇಲ್ಲ ತಳದಲ್ಲಿ ತೆಳು ಪದರ ಉಳಿಸಿ ಕೊನೆಗೆ ಕತ್ತರಿಸುವುದನ್ನು ಅವರ ಆಪರೇಟರ್ ಹತ್ತಿರ ಅಲ್ಲೇ ಕೇಳಿ ಕಲಿಯಿರಿ.

ಹಾಗೇ ಫೈಲ್ ಒಯ್ಯುವ ಮೊದಲು ಕೋರೆಲ್‌ಡ್ರಾದಲ್ಲಿ ಅಕ್ಷರವನ್ನು ಕರ್ವ್ಸ್ ಮಾಡಿ (ಫಾಂಟ್ ಬಿಟ್ಟು ಬರೀ ಗೆರೆಗಳಾಗಿ ಬದಲಿಸಿ), ಹೊರಗೆರೆ ಮಾತ್ರ ತೋರಿಸುವ ವೈರ್‌ಫ್ರೇಮ್‌ನಲ್ಲಿ ಒಂದು ಸಲ ನೋಡಿ. ತಲೆಕಟ್ಟು, ಕೊಂಬು, ಒತ್ತು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಪರದೆಯ ಮೇಲೆ ಒಂದೇ ಬಣ್ಣ ತುಂಬಿದಾಗ ಕಾಣುವುದಿಲ್ಲ. ವೆಲ್ಡ್ ಮಾಡದೆ, ಅಂದರೆ ಎಲ್ಲ ಸೇರಿಸಿ ಒಂದೇ ಆಕಾರ ಮಾಡದೆ, ಕಳಿಸಿದರೆ ಬಿಟ್ ಅಕ್ಷರದ ಹೊಟ್ಟೆ ಸೀಳಿಕೊಂಡೇ ಹೋಗುತ್ತದೆ. ಆ ತಪ್ಪು ಮೆಷಿನ್ನಿನದಲ್ಲ.

ಈಗ ಎಸಿಪಿ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನನ್ನ ಮೊದಲ ಮೆಷಿನ್ ಸೆಕೆಂಡ್ ಹ್ಯಾಂಡ್. ಒಂದು ಬೇಕರಿಗೆ ಹನ್ನೆರಡು ಅಡಿ ಬೋರ್ಡು ಮಾಡುತ್ತಿದ್ದೆವು. ಮಡಚುವುದಕ್ಕೆ ಹಿಂಬದಿಯಿಂದ ವಿ-ಗ್ರೂವ್ ಹೊಡೆಯಬೇಕು. ಮುಂಭಾಗದ ಅಲ್ಯೂಮಿನಿಯಂ ಪದರ, ಅದರ ಮೇಲೆ ಚೂರೇ ಚೂರು ಪ್ಲಾಸ್ಟಿಕ್ ಉಳಿಯಬೇಕು. ಆ ಪದರ ಎಷ್ಟು ತೆಳು ಅಂದರೆ ಬೋರ್ಡಿಗೆ ಬಳಸುವ ಎಷ್ಟೋ ಶೀಟುಗಳಲ್ಲಿ 0.25 ಎಂಎಂ ಆಸುಪಾಸು. ಶೀಟಿನ ಎಡಗಡೆ ಸರಿಯಾಗಿ ಬಂತು. ಬಲಗಡೆ ಹೋಗುವಷ್ಟರಲ್ಲಿ ಬಿಟ್ ಪದರವನ್ನೇ ಸೀಳಿತ್ತು. ಮಡಚಿದರೆ ಅಂಚು ಕೈಗೇ ಬಂತು. ಎರಡು ಶೀಟು ಹಾಳಾದವು. ಬೆಡ್ಡಿನ ಮೇಲೆ ಎಂಡಿಎಫ್ ಹಾಸಿ ಅದೇ ಮೆಷಿನ್ನಿನಲ್ಲಿ ಮಟ್ಟ ಹೊಡೆಯಿರಿ, ಸರಿಹೋಗುತ್ತದೆ ಅಂದರು ಮಾರಿದವರು. ಹೊಡೆದೆವು. ಎರಡು ತಿಂಗಳಿಗೆ ಮತ್ತೆ ಅದೇ ಪಾಡು. ಫ್ರೇಮೇ ತಿರುಚಿಕೊಳ್ಳುತ್ತಿತ್ತು. ಆಮೇಲೆ ಅವರು ಫೋನ್ ಎತ್ತುವುದನ್ನೂ ಬಿಟ್ಟರು. ಬೇಕರಿಯವರಿಗೆ ಹೇಳಿದ ದಿನಕ್ಕೆ ಬೋರ್ಡು ಕೊಡಲಾಗಲಿಲ್ಲ ಅನ್ನುವುದು ಇವತ್ತಿಗೂ ನನಗೆ ನೋವು.

ಹಾಗಾಗಿ ಒಂದು ಪೂರ್ತಿ ಎಸಿಪಿ ಶೀಟು ಒಯ್ಯಿರಿ. ನಾಲ್ಕೂ ಮೂಲೆಯಲ್ಲಿ, ಮಧ್ಯದಲ್ಲಿ ಒಂದೊಂದು ಗ್ರೂವ್ ಹೊಡೆಸಿ, ಐದನ್ನೂ ನೀವೇ ಕೈಯಲ್ಲಿ ಮಡಚಿ ನೋಡಿ. ಐದೂ ಒಂದೇ ಥರ ಮಡಚಿದರೆ ಬೆಡ್ಡು ಸದ್ಯಕ್ಕೆ ಮಟ್ಟವಾಗಿದೆ. ಆರು ತಿಂಗಳ ಹಿಂದೆ ಇದೇ ಮೆಷಿನ್ ಕೊಂಡವರ ಅಂಗಡಿಗೂ ಒಮ್ಮೆ ಹೋಗಿ ಬನ್ನಿ. ಫ್ರೇಮು ತಿರುಚಿದೆಯಾ, ಸರ್ವೀಸ್‌ನವರು ಬರುತ್ತಾರಾ, ಎರಡೂ ಅಲ್ಲಿ ಗೊತ್ತಾಗುತ್ತದೆ.

ದುಡ್ಡಿನ ಮಾತಿಗೆ ಬರೋಣ. ಆರು ಲಕ್ಷ, ಶೇ 12 ಬಡ್ಡಿ, ಮೂರು ವರ್ಷ ಅಂದರೆ ತಿಂಗಳಿಗೆ ಸುಮಾರು 19,900 ರೂಪಾಯಿ ಕಂತು. ತಿಂಗಳಿಗೆ 25 ದಿನ ಕೆಲಸ ಅಂತ ಹಿಡಿದರೆ ದಿನಕ್ಕೆ 800. ಬಿಟ್‌ಗಳ ಖರ್ಚು, ಕರೆಂಟು, ಆಪರೇಟರ್ ಸಂಬಳ ಬೇರೆ. ಮುದ್ರಾ ಯೋಜನೆಯ ತರುಣ್ ವಿಭಾಗದಲ್ಲಿ 10 ಲಕ್ಷದವರೆಗೆ ಸಾಲ ಸಿಗುತ್ತದೆ, ಸರಿ. ಕಟ್ಟಬೇಕಾದವರು ನಾವೇ ಅಲ್ವಾ? ಎರಡನೇ ಮೆಷಿನ್ ಕೊಳ್ಳುವ ಮೊದಲು ನಾನು ಆರು ತಿಂಗಳು ಪೀಣ್ಯದಲ್ಲಿ ಜಾಬ್ ವರ್ಕ್ ಮಾಡಿಸಿದೆ. ತುಮಕೂರಿನಿಂದ ಬಸ್ಸಲ್ಲಿ ಹೋಗಿ ಬರುವ ಖರ್ಚೂ ಸೇರಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕೊರೆಸುವುದಕ್ಕೆ ಹೊರಗೆ ಕೊಡುವ ದುಡ್ಡು ಕಂತಿಗಿಂತ ಜಾಸ್ತಿಯಾಗಿ ಸತತ ಮೂರು ತಿಂಗಳು ನಿಂತಾಗ ಮಾತ್ರ ಬ್ಯಾಂಕಿಗೆ ಹೋದೆ.

ಲೆಕ್ಕ ಹಾಕುವಾಗ ಭರಾಟೆಯ ತಿಂಗಳನ್ನು ಬಿಟ್ಟುಬಿಡಿ. 2024ರ ಫೆಬ್ರವರಿ ನೆನಪಿದೆಯಾ? ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ ಬೆಂಗಳೂರಿನಲ್ಲಿ ಫೆಬ್ರವರಿ 28ರ ಗಡುವು ಇತ್ತು. ಕನ್ನಡ ಬೋರ್ಡಿಗೆ ಜನ ಮುಗಿಬಿದ್ದರು. ನನಗೆ ಅದು ನಿಜವಾಗಿ ಖುಷಿಯ ಕಾಲ. ಆದರೆ ಅಂಥ ತಿಂಗಳ ದುಡಿಮೆ ನೋಡಿ ಮೂರು ವರ್ಷದ ಕಂತಿಗೆ ಸಹಿ ಹಾಕಬಾರದು.

ನಿಮ್ಮದು ಬರೀ ಅಕ್ರಿಲಿಕ್ ಕೆಲಸವಾದರೆ ಸಿಓಟು (CO2) ಲೇಸರ್ ಮೆಷಿನ್ ಸಾಕು, ಅಂಚು ಹೊಳೆಯುತ್ತದೆ. ಆದರೆ ಪಿವಿಸಿಯನ್ನು ಲೇಸರ್‌ಗೆ ಇಡಲೇಬೇಡಿ. ಅದರ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಮೆಷಿನ್ನೂ ಹಾಳು, ಪುಪ್ಪುಸಕ್ಕೂ ಕೇಡು. ತ್ರೀ ಫೇಸ್ ಕರೆಂಟು ಬೇಕಾದರೆ ಬೆಸ್ಕಾಂ ಅರ್ಜಿಯನ್ನು ಮೆಷಿನ್ ಬರುವ ಮೊದಲೇ ಹಾಕಿ.

ತಿಪಟೂರಿನ ಹುಡುಗ ಅಡ್ವಾನ್ಸ್ ಕೊಟ್ಟಿಲ್ಲ. ಬರುವ ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ. ಒಂದು ಎಸಿಪಿ ಶೀಟು, ಅರ್ಧ ಶೀಟು 5 ಎಂಎಂ ಅಕ್ರಿಲಿಕ್ ಗಾಡಿಗೆ ಹಾಕಿಕೊಂಡಾಗಿದೆ. ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ ಇದೆ. ‘ಎಲೆಕ್ಟ್ರಿಕಲ್ಸ್’, ನಾಲ್ಕು ಇಂಚು.